ಮಗಳ ಹುಟ್ಟುಹಬ್ಬಕ್ಕೆ 60 ಚಿಕನ್ ವಿಂಗ್ಸ್: ಪಾರ್ಸಲ್ ಅಂಗಡಿ ಹುಡುಕಿದ ಏಳು ವಾರದ ಲೆಕ್ಕ

ಕುವೆಂಪುನಗರ, ಮೈಸೂರು. ಕೆಲಸ ಮುಗಿದು ನಾಲ್ಕು ದಿನ ಆಯ್ತು, ನೋಟ್‌ಬುಕ್‌ನಲ್ಲಿ ಗೀಚಿದ್ದನ್ನೆಲ್ಲ ಮರೆಯೋಕೆ ಮುಂಚೆ ಇಲ್ಲಿ ಇಳಿಸ್ತಾ ಇದ್ದೀನಿ. ಅಂಗಡಿಗಳ ಹೆಸರು ಹಾಕಲ್ಲ, ಯಾಕಂದ್ರೆ ಒಂದು ಅಂಗಡೀಲಿ ಅಡುಗೆಯವನು ಬದಲಾದ್ರೆ ಮಾರನೇ ವಾರಕ್ಕೇ ನನ್ನ ಅಳತೆ ಎಲ್ಲ ಸುಳ್ಳಾಗತ್ತೆ, ಆದ್ರೆ ಅಳೆದ ರೀತಿ ಯಾರಿಗಾದ್ರೂ ಕೆಲಸಕ್ಕೆ ಬರತ್ತೆ.

2025ರ ಜೂನ್ 3, ಮಂಗಳವಾರ: ಯಾಕೆ ಶುರು ಆಯ್ತು

ಆರ್‌ಸಿಬಿ ಫೈನಲ್ ರಾತ್ರಿ. ಮನೇಲಿ ಹತ್ತು ಜನ, ಆಪ್‌ನಲ್ಲಿ 30 ಪೀಸ್ ವಿಂಗ್ಸ್ ಹಾಕ್ದೆ, 1,340 ರೂಪಾಯಿ. ಬಂದಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಡಬ್ಬಿ ಮುಚ್ಚಳ ತೆಗೆದ್ರೆ ಒಳಗಡೆ ನೀರು ತೊಟ್ಟಿಕ್ತಾ ಇತ್ತು, ಮೇಲಿನ ಹಿಟ್ಟು ಪೀಸ್‌ನಿಂದ ಬಿಟ್ಕೊಂಡು ಸಾಸ್ ಜೊತೆ ತಳದಲ್ಲಿ ಗೊಜ್ಜಾಗಿತ್ತು, ಮಕ್ಕಳು ಒಂದೊಂದು ಕಚ್ಚಿ ಪಕ್ಕಕ್ಕಿಟ್ರು. ಕಪ್ ಗೆದ್ದ ಖುಷೀಲಿ ದೊಡ್ಡವರು ಯಾರೂ ಅದನ್ನ ತಲೆಗೆ ಹಾಕ್ಕೊಳ್ಳಲಿಲ್ಲ. ಮಗಳು ಮಾತ್ರ ಮಲಗೋ ಮುಂಚೆ ಬಂದು, ಅಪ್ಪ ನನ್ನ ಬರ್ತ್‌ಡೇಗೆ ಕೇಕ್ ಬೇಡ ವಿಂಗ್ಸ್ ಬೇಕು ಅಂದಿದ್ನಲ್ಲ, ಇದೇ ಅಂಗಡಿಯದು ಬೇಡ ಅಂದ್ಲು. ಹನ್ನೆರಡು ತುಂಬತ್ತೆ ಅವಳಿಗೆ ಜುಲೈ 20ಕ್ಕೆ. ಆ ಮಾತು ಮನಸ್ಸಲ್ಲಿ ಕೂತ್ಬಿಡ್ತು.

ಇನ್ನೊಂದು ಗಡುವೂ ಇತ್ತು. ಜುಲೈ 25ಕ್ಕೆ ಶ್ರಾವಣ ಹುಟ್ಟತ್ತೆ, ಮಂಡ್ಯದ ಅಕ್ಕನ ಮನೆಯವರು ಆ ತಿಂಗಳು ಪೂರ್ತಿ ಮಾಂಸ ಮುಟ್ಟಲ್ಲ, ಹಾಗಾಗಿ ತಪ್ಪಾದ್ರೆ ಮುಂದಿನ ವಾರ ಮಾಡೋಣ ಅನ್ನೋ ಅವಕಾಶವೇ ಇರ್ಲಿಲ್ಲ. ಒಂಬತ್ತು ಮಕ್ಕಳು, ಐದು ದೊಡ್ಡವರು, ತಲೆಗೆ ನಾಲ್ಕು ಅಂದ್ರೆ 56, ಇರ್ಲಿ ಅಂತ 60 ಪೀಸ್.

ಜೂನ್ 8, ಭಾನುವಾರ: ಸಾಮಾನು

ಅಡುಗೆ ತಕ್ಕಡಿ, 1 ಗ್ರಾಂ ತನಕ ತೋರ್ಸತ್ತೆ, 399 ರೂ. ಕಡ್ಡಿ ಥರ್ಮಾಮೀಟರ್, 300 ಡಿಗ್ರಿ ತನಕ, 549 ರೂ. ಬಿಸಿ ಇಡೋ ಥರ್ಮಲ್ ಬ್ಯಾಗ್ 475 ರೂ, ಇದು ದಂಡ, ಯಾಕೆ ಅಂತ ಮುಂದೆ ಬರತ್ತೆ. ಮೊಬೈಲ್ ಸ್ಟಾಪ್‌ವಾಚ್, ಮಗಳ ಹಳೇ ರಫ್ ನೋಟ್‌ಬುಕ್, ಒಂದು ಪ್ಯಾಕೆಟ್ ಟಿಶ್ಯೂ, ನನ್ನ ಆಕ್ಟಿವಾ.

ನೋಡೋ ಅಂಗಡಿ ನಾಲ್ಕೇ ಅಂತ ಮೊದಲೇ ನಿರ್ಧಾರ ಮಾಡ್ಕೊಂಡೆ.

ಒಂದನೇದು ಮನೆಯಿಂದ 2.4 ಕಿ.ಮೀ., ಕಾಲೇಜು ಹುಡುಗರು ತುಂಬೋ ಚಿಕ್ಕ ಕೆಫೆ, 6 ಪೀಸ್ 180 ರೂ.
ಎರಡನೇದು ಗೋಕುಲಂ ಕಡೆ, 7.2 ಕಿ.ಮೀ., 6 ಪೀಸ್ 220 ರೂ, ಜಿಎಸ್‌ಟಿ 5% ಸೇರಿ 231.
ಮೂರನೇದು 1.9 ಕಿ.ಮೀ., ಫ್ರೈಡ್ ಚಿಕನ್ ಫ್ರಾಂಚೈಸಿ ತರದ್ದು, 8 ಪೀಸ್ 199 ರೂ.
ನಾಲ್ಕನೇದು 1.1 ಕಿ.ಮೀ., ಸಂಜೆ ಹೊತ್ತು ನಿಲ್ಲೋ ಕಬಾಬ್ ಗಾಡಿ. ಬೋರ್ಡ್‌ನಲ್ಲಿ ವಿಂಗ್ಸ್ ಅಂತ ಇಲ್ಲ, ರೆಕ್ಕೆ ಪೀಸ್ ಕೊಡಿ ಅಂದ್ರೆ ಕೊಡ್ತಾರೆ, 6ಕ್ಕೆ 120 ರೂ.

ನಾಲ್ಕನೇದನ್ನ ಸೇರಿಸಿದ್ದು ಹೆಂಡತಿ ಮಾತಿಗೆ. ನಂಗೆ ಆಗ ಅದು ಲೆಕ್ಕಕ್ಕೇ ಇರ್ಲಿಲ್ಲ.

ಪೀಸ್ ಲೆಕ್ಕದ ಬಗ್ಗೆ ಒಂದು ಮಾತು, ಮೊದಲೇ ಗೊತ್ತಿದ್ರೆ ಒಳ್ಳೇದು. ಒಂದು ರೆಕ್ಕೇಲಿ ಮೂರು ಭಾಗ: ಭುಜದ ಕಡೆ ಪುಟ್ಟ ಲೆಗ್ ಪೀಸ್ ತರ ಇರೋದು, ನಡುವೆ ಎರಡು ಎಲುಬಿನ ಚಪ್ಪಟೆ ಭಾಗ, ಕೊನೇಲಿ ತುದಿ. ತುದಿ ಎಸೀತಾರೆ, ಮಿಕ್ಕ ಎರಡನ್ನ ಎರಡು ಪೀಸ್ ಅಂತ ಎಣಿಸ್ತಾರೆ. ಅಂದ್ರೆ 6 ಪೀಸ್ ಅಂದ್ರೆ ಮೂರೇ ರೆಕ್ಕೆ. ಕೆಲವು ಕಡೆ ತುದಿ ಸಮೇತ ಇಡೀ ರೆಕ್ಕೇನ ಒಂದು ಪೀಸ್ ಅಂತಾನೂ ಕೊಡ್ತಾರೆ, ಕೇಳಿ ತಿಳ್ಕೊಳ್ಳದೆ ರೇಟ್ ಹೋಲಿಸಿದ್ರೆ ತಪ್ಪಾಗತ್ತೆ.

ಜೂನ್ 15, ಭಾನುವಾರ: ಮೊದಲನೇ ಸುತ್ತು, ಪೂರ್ತಿ ವ್ಯರ್ಥ

730 ರೂಪಾಯಿ ಖರ್ಚು ಮಾಡಿ ಒಂದೂ ನಂಬೋ ಹಂಗಿರೋ ನಂಬರ್ ಸಿಗ್ಲಿಲ್ಲ. ತಪ್ಪುಗಳನ್ನ ಬರೀತೀನಿ.

ಒಬ್ಬನೇ ಹೊರಟೆ, ದೂರದ್ದು ಮೊದಲು ಅಂತ ಗೋಕುಲಂಗೆ ಹೋಗಿ ಬರ್ತಾ ದಾರೀಲಿ ಮಿಕ್ಕವನ್ನ ತಗೊಂಡು ಮನೆ ಸೇರೋಷ್ಟರಲ್ಲಿ ಗೋಕುಲಂ ಪಾರ್ಸಲ್‌ಗೆ 52 ನಿಮಿಷ ವಯಸ್ಸಾಗಿತ್ತು, ಗಾಡಿ ಪಾರ್ಸಲ್‌ಗೆ 6 ನಿಮಿಷ. ಇವೆರಡನ್ನ ಪಕ್ಕ ಪಕ್ಕ ಇಟ್ಟು ಯಾವುದು ಗರಿಗರಿ ಅಂತ ಕೇಳೋದು ಅನ್ಯಾಯ.

ಎರಡನೇ ತಪ್ಪು, ಒಂದೊಂದು ಕಡೆ ಒಂದೊಂದು ಸಾಸ್ ತಗೊಂಡೆ, ಒಂದು ಬಾರ್ಬೆಕ್ಯೂ, ಒಂದು ಪೆರಿ ಪೆರಿ, ಒಂದು ಬಫಲೋ. ಮನೆಯವರು ಸಾಸ್‌ಗೆ ಮಾರ್ಕ್ಸ್ ಕೊಟ್ರು, ಕೋಳಿಗಲ್ಲ.

ಮೂರನೇ ತಪ್ಪು, ತಿಂದ ಮೇಲೆ ಎಲುಬು ತೂಕ ಮಾಡ್ಲಿಲ್ಲ. ಬರೀ ಪಾರ್ಸಲ್ ತೂಕ ಬರ್ಕೊಂಡು ಮೂರನೇ ಅಂಗಡಿ ಅಗ್ಗ ಅಂತ ಗುರುತು ಹಾಕಿದ್ದೆ. ಅದು ಎಷ್ಟು ತಪ್ಪು ಅಂತ ಮುಂದಿನ ವಾರ ಗೊತ್ತಾಯ್ತು.

ಥರ್ಮಲ್ ಬ್ಯಾಗ್ ಕಥೇನೂ ಅವತ್ತೇ ಮುಗೀತು. ಬಿಸಿ ಚೆನ್ನಾಗೇ ಉಳೀತು, ಆದ್ರೆ ಹಬೆ ಹೊರಗೆ ಹೋಗೋಕೆ ದಾರಿ ಇಲ್ದೆ ನಾಲ್ಕೂ ಡಬ್ಬಿ ಒಳಗೆ ಬೆವರು. ಅನ್ನ, ಸಾರು ಒಯ್ಯೋಕೆ ಸರಿ ಈ ಬ್ಯಾಗ್, ಕರಿದ ಪದಾರ್ಥಕ್ಕೆ ಶತ್ರು.

ಜೂನ್ 22, ಭಾನುವಾರ: ಎರಡನೇ ಸುತ್ತು

ಬಾಮೈದನ್ನ ಕರೆಸ್ದೆ, ಎರಡು ಸ್ಕೂಟರ್. ಅವನು ಗೋಕುಲಂ ಮತ್ತೆ ಒಂದನೇದು, ನಾನು ಮಿಕ್ಕೆರಡು. ಎಲ್ಲಾ ಕಡೆ ಮೊದಲೇ ಫೋನ್ ಮಾಡಿ ಸಾಸ್ ಬೇರೆ ಕಪ್‌ನಲ್ಲಿ, ಪೀಸ್ ಡ್ರೈ ಆಗಿ ಅಂತ ಹೇಳಿ, ಹೊರಡೋ ಟೈಮ್ ಹಿಂದೆಮುಂದೆ ಮಾಡಿ ಒಂದಕ್ಕೊಂದು ಎಂಟು ನಿಮಿಷದ ಅಂತರದ ಒಳಗೆ ನಾಲ್ಕೂ ಪಾರ್ಸಲ್ ಮನೆ ಸೇರೋ ಹಂಗೆ ಮಾಡಿದ್ವಿ. ಮತ್ತೆ 730 ರೂ.

ಕೌಂಟರ್‌ನಲ್ಲೇ ಪ್ರತಿ ಪಾರ್ಸಲ್‌ನಿಂದ ಒಂದು ಪೀಸ್‌ಗೆ, ಲೆಗ್ ತರ ಇರೋದಕ್ಕೆ, ಎಲುಬಿನ ಪಕ್ಕ ಕಡ್ಡಿ ಚುಚ್ಚಿ ನೋಡಿದ್ದು. ಕಡ್ಡಿ ಎಲುಬಿಗೆ ತಾಗಬಾರ್ದು, ತಾಗಿದ್ರೆ ತಪ್ಪು ತೋರ್ಸತ್ತೆ. ಕೋಳಿಗೆ ಒಳಗೆ 74 ಡಿಗ್ರಿ ಆಗಿರ್ಬೇಕು. ಮೂರು ಅಂಗಡಿ 80ರ ಆಸುಪಾಸು ಇತ್ತು. ಒಂದನೇ ಅಂಗಡಿಯದು 68. ಬಾಮೈದ ಮರ್ಯಾದೆಯಾಗಿ ತೋರಿಸಿ ಕೇಳಿದ್ದಕ್ಕೆ ಮತ್ತೆ ಮೂರು ನಿಮಿಷ ಕರಿದು ಕೊಟ್ರು, ಆಮೇಲೆ 81 ಬಂತು. ಸರಿ ಮಾಡಿಕೊಟ್ರು ನಿಜ, ಆದ್ರೆ ನಾವು ಚುಚ್ಚಿ ನೋಡದೇ ಇದ್ದಿದ್ರೆ? ಮಕ್ಕಳ ಪಾರ್ಟಿಗೆ ಈ ಅಂಗಡಿ ಬೇಡ ಅಂತ ಅಲ್ಲೇ ಹೊಡೆದು ಹಾಕ್ದೆ.

ಇಲ್ಲೊಂದು ವಿಷಯ ನಾನು ತಪ್ಪು ತಿಳ್ಕೊಂಡಿದ್ದೆ. ಎಲುಬಿನ ಹತ್ರ ಕೆಂಪಗಿದ್ರೆ ಬೆಂದಿಲ್ಲ ಅಂತ. ಹಂಗಲ್ಲ. ಬ್ರಾಯ್ಲರ್ ಅಂದ್ರೆ ಆರೇಳು ವಾರದ ಎಳೇ ಕೋಳಿ, ಮೂಳೆ ಇನ್ನೂ ಗಟ್ಟಿ ಆಗಿರಲ್ಲ, ಒಳಗಿನ ಮಜ್ಜೆ ಬಣ್ಣ ಹೊರಗೆ ಇಳಿಯತ್ತೆ, ಫ್ರೀಜ್ ಮಾಡಿದ್ರೆ ಇನ್ನೂ ಜಾಸ್ತಿ. ನಾಲ್ಕನೇದರಲ್ಲಿ ಕೆಂಪಗಿತ್ತು, 83 ಡಿಗ್ರಿ ತೋರಿಸ್ತು. ಕಣ್ಣು ನಂಬಿದ್ರೆ ಆಗಲ್ಲ, ಕಡ್ಡೀನೇ ನಂಬಬೇಕು.

ಮನೇಲಿ ಡಬ್ಬಿ ತೆಗೆದಾಗ ಪೀಸ್ ಒಳಗಿನ ಬಿಸಿ: ಒಂದನೇದು 55, ಗೋಕುಲಂದು 47, ಮೂರನೇದು 58, ಗಾಡೀದು 66.

ತೂಕ ಮನೇಲಿ, ಸಾಸ್ ಇಲ್ದೆ, ತಿಂದ ಮೇಲೆ ಎಲುಬು ಬೇರೆ:

ಒಂದನೇದು 168 ಗ್ರಾಂ, ಎಲುಬು 71, ತಿನ್ನೋದು 97. ನೂರು ಗ್ರಾಂಗೆ 186 ರೂ.
ಗೋಕುಲಂದು 214, ಎಲುಬು 84, ತಿನ್ನೋದು 130. ನೂರು ಗ್ರಾಂಗೆ 178 ರೂ.
ಮೂರನೇದು 196, ಎಲುಬು 90, ತಿನ್ನೋದು 106. ನೂರು ಗ್ರಾಂಗೆ 188 ರೂ.
ಗಾಡೀದು 150, ಎಲುಬು 62, ತಿನ್ನೋದು 88. ನೂರು ಗ್ರಾಂಗೆ 136 ರೂ.

ಮೂರನೇದರಲ್ಲಿ ಹಿಟ್ಟಿನ ಕೋಟ್ ತುಂಬಾ ದಪ್ಪ ಅನ್ನಿಸ್ತು, ತಿನ್ನೋ ಮುಂಚೆ ಎಂಟೂ ಪೀಸ್‌ದು ಚಾಕು ಬೆನ್ನಿಂದ ಕೆರೆದು ಬೇರೆ ತೂಕ ಹಾಕಿದ್ದೆ, 38 ಗ್ರಾಂ. ಅಂದ್ರೆ ಕೋಳಿ ಮಾಂಸ ಬರೀ 68 ಗ್ರಾಂ, ಲೆಕ್ಕ ಹಾಕಿದ್ರೆ ನೂರಕ್ಕೆ 293 ರೂಪಾಯಿ ಬೀಳತ್ತೆ. 199ಕ್ಕೆ ಎಂಟು ಪೀಸ್ ಅಂತ ಬೋರ್ಡ್ ನೋಡಿ ಖುಷಿ ಪಟ್ಟಿದ್ದೆ, ಮೈದಾಗೆ ದುಡ್ಡು ಕೊಟ್ಟ ಹಾಗೆ ಆಯ್ತು. ಅದೂ ಹೋಯ್ತು ಪಟ್ಟಿಯಿಂದ.

ರುಚಿಗೆ ತಟ್ಟೆ ಮೇಲೆ ನಂಬರ್ ಚೀಟಿ ಅಂಟಿಸಿ ಹೆಂಡತಿ, ಮಗಳು, ಬಾಮೈದ ಮೂವರ ಹತ್ರ ಐದಕ್ಕೆ ಎಷ್ಟು ಅಂತ ಕೇಳ್ದೆ. ಕಬಾಬ್ ಕೆಂಪು ಬಣ್ಣ ದೂರದಿಂದಲೇ ಗೊತ್ತಾಗೋದ್ರಿಂದ ಟವಲ್ ಕಟ್ಟಿ ತಿನ್ನಿಸ್ಬೇಕಾಯ್ತು. ಮೂವರೂ ಸೇರಿ ಹದಿನೈದಕ್ಕೆ ಗೋಕುಲಂ 12, ಗಾಡಿ 11, ಮೂರನೇದು 9, ಒಂದನೇದು 7. ಗೋಕುಲಂದು ಕೋಳಿ ದೊಡ್ಡದು, ಸ್ಕಿನ್ ಜೊತೆ ಕರಿದಿದ್ದು, ಅದೇ ನಿಜವಾದ ವಿಂಗ್ಸ್. ಆದ್ರೆ 47 ಡಿಗ್ರಿ, ಚರ್ಮ ಮೆತ್ತಗಾಗಿತ್ತು. ಅಲ್ಲೇ ಕೂತು ತಿಂದಿದ್ರೆ ಹದಿನೈದಕ್ಕೆ ಹದಿನೈದು ಬರ್ತಿತ್ತೇನೋ. ನಮ್ಮನೆ ಅಲ್ಲಿಲ್ವಲ್ಲ, ಏಳು ಕಿಲೋಮೀಟರ್ ಆಚೆ ಇದೆ, ಭಾನುವಾರ ಸಂಜೆ ಆ ದಾರೀಲಿ 25 ನಿಮಿಷಕ್ಕಿಂತ ಕಮ್ಮಿ ಆಗಲ್ಲ.

ಇಲ್ಲಿ ನಾನು ಮೂರು ದಿನ ಸಿಕ್ಕಾಕ್ಕೊಂಡೆ. ಚೆನ್ನಾಗಿರೋದು ದೂರ, ಹತ್ತಿರದ್ದು ಕಬಾಬ್.

ಜೂನ್ 27 ರಿಂದ 29

27 ಮೊದಲನೇ ಆಷಾಢ ಶುಕ್ರವಾರ, ಮನೆಯವರೆಲ್ಲ ಬೆಳಗಿನ ಜಾವಕ್ಕೇ ಚಾಮುಂಡಿ ಬೆಟ್ಟ, ಮನೇಲಿ ನಾನ್‌ವೆಜ್ ಇಲ್ಲ. ಆಷಾಢ ಶುಕ್ರವಾರ ಗಾಡಿಯವರೂ ರಜ ಮಾಡ್ತಾರೆ. ಹಾಗಾಗಿ ಕೆಲಸ ಭಾನುವಾರಕ್ಕೆ.

ಡಬ್ಬಿ ಪರೀಕ್ಷೆ. ಗಾಡೀಲಿ ಒಂದೇ ಬಾಣಲೆಯಿಂದ 12 ಪೀಸ್, 240 ರೂ. ಆರು ಅವರ ಪ್ಲಾಸ್ಟಿಕ್ ಡಬ್ಬೀಲಿ ಮುಚ್ಚಳ ಗಟ್ಟಿ ಹಾಕಿ. ಇನ್ನಾರು ನಾನೇ ಒಯ್ದ ಸ್ವೀಟ್ ಅಂಗಡಿ ರಟ್ಟಿನ ಡಬ್ಬೀಲಿ, ಮುಚ್ಚಳಕ್ಕೆ ಪೆನ್ಸಿಲ್‌ನಿಂದ ಹದಿನಾರು ತೂತು, ತಳಕ್ಕೆ ಎರಡು ಟಿಶ್ಯೂ, ಪೀಸ್ ಒಂದರ ಮೇಲೊಂದು ಬೀಳದ ಹಾಗೆ ಒಂದೇ ಪದರ. ಗೋಕುಲಂ ದೂರಕ್ಕೆ ಹತ್ರ ಹತ್ರ ಆಗ್ಲಿ ಅಂತ ಬೇಕಂತಲೇ ಊರು ಸುತ್ತಿ 20 ನಿಮಿಷ ಬಿಟ್ಟು ಮನೇಗೆ ಬಂದೆ.

ಪ್ಲಾಸ್ಟಿಕ್ ಡಬ್ಬಿ ಮುಚ್ಚಳದ ನೀರನ್ನ ತೂಕ ಮಾಡಿಟ್ಟ ಟಿಶ್ಯೂನಿಂದ ಒರೆಸಿ ಮತ್ತೆ ತೂಕಕ್ಕೆ ಹಾಕ್ದೆ: 4 ಗ್ರಾಂ ಇದ್ದಿದ್ದು 7 ಆಯ್ತು. ಆರೇ ಪೀಸ್‌ನಿಂದ ಮೂರು ಗ್ರಾಂ ನೀರು ಬರೀ ಮುಚ್ಚಳದಲ್ಲಿ, ಹಿಟ್ಟಿನೊಳಗೆ ಇಳಿದಿದ್ದು ಬೇರೆ. ರಟ್ಟಿನ ಡಬ್ಬಿ ಮುಚ್ಚಳ ಒಣಗೇ ಇತ್ತು. ಬಿಸಿ ಮಾತ್ರ ರಟ್ಟಿಂದ್ರಲ್ಲಿ ಕಮ್ಮಿ, 51, ಪ್ಲಾಸ್ಟಿಕ್‌ದು 60. ಮಗಳು ರಟ್ಟಿಂದು ಕಚ್ಚಿದ್ರೆ ಅಡುಗೆಮನೇಲಿದ್ದ ನಂಗೆ ಸದ್ದು ಕೇಳಿಸ್ತು. ಒಂಬತ್ತು ಡಿಗ್ರಿ ಬಿಸಿ ಹೋದ್ರೆ ಹೋಗ್ಲಿ, ಅದನ್ನ ಮನೇಲಿ ತಿರುಗಿ ತರಬಹುದು, ಮೆತ್ತಗಾದ ಮೇಲ್ಪದರ ತರೋಕೆ ಆಗಲ್ಲ ಅಂತ ಅವತ್ತು ಖಾತ್ರಿ ಆಯ್ತು.

ಅಂಗಡಿ ಆಯ್ಕೆಗೂ ಇದೇ ದಾರಿ ತೋರಿಸ್ತು. ನನ್ನ ಡಬ್ಬೀಲಿ ಹಾಕಿಕೊಡಿ ಅಂದಾಗ ಗಾಡಿಯವರು ಒಂದು ಮಾತಾಡದೆ ಹಾಕಿಕೊಟ್ರು. ಗೋಕುಲಂನಲ್ಲಿ ಫೋನ್ ಮಾಡಿ ಕೇಳ್ದಾಗ, ನಮ್ಮ ಪ್ಯಾಕಿಂಗ್‌ನಲ್ಲೇ ಕೊಡ್ತೀವಿ ಸರ್ ಅಂದ್ರು. ಅವರ ನಿಯಮ ಅವರಿಗೆ ಸರಿ ಇರಬಹುದು. ನಂಗೆ ಬೇಕಾಗಿದ್ದು ನನ್ನ ಮಾತು ಕೇಳೋ ಬಾಣಲೆ. ಅಲ್ಲಿಂದ ನಾಲ್ಕನೇ ಅಂಗಡೀನೇ ಗಟ್ಟಿ ಮಾಡ್ಕೊಂಡು, ಕಬಾಬ್‌ನ ವಿಂಗ್ಸ್ ಹತ್ರ ತರೋದು ಹೆಂಗೆ ಅಂತ ಯೋಚನೆ ಶುರು.

ಜುಲೈ 6, ಭಾನುವಾರ: ಸ್ಕಿನ್ ಸಮಸ್ಯೆ

ನಮ್ಮ ಕಡೆ ಕೋಳಿ ಅಂಗಡೀಲಿ ಕೇಳದೇ ಇದ್ರೆ ವಿತೌಟ್ ಸ್ಕಿನ್ನೇ ಕೊಡೋದು, ಪುಕ್ಕದ ಜೊತೆ ಚರ್ಮಾನೂ ಎಳೆದು ಹಾಕ್ತಾರೆ, ಬೇಗ ಆಗತ್ತೆ. ಗಾಡಿಯವರದೂ ಅಷ್ಟೇ. ಕಬಾಬ್‌ಗೆ ಪರವಾಗಿಲ್ಲ, ವಿಂಗ್ಸ್‌ಗೆ ಚರ್ಮಾನೇ ಜೀವ. ಎರಡು ದಿನ ಮುಂಚೆ ಹೇಳಿದ್ರೆ ವಿತ್ ಸ್ಕಿನ್ ರೆಕ್ಕೆ ತರಿಸ್ತೀನಿ, 12ಕ್ಕೆ 300 ಆಗತ್ತೆ ಅಂದ್ರು. ಒಪ್ಕೊಂಡೆ.

ಮೊದಲ ಪ್ರಯತ್ನ ಕೆಟ್ಟೋಯ್ತು. ಮಾಮೂಲಿ ಕಬಾಬ್ ಮಸಾಲೆ, ಮೊಟ್ಟೆ, ಕಾರ್ನ್‌ಫ್ಲೋರ್ ದಪ್ಪಗೆ ಹಚ್ಚಿ ಆರು ನಿಮಿಷ ಕರಿದ್ರು. ಮೇಲೆ ಗರಿ, ಒಳಗೆ ಚರ್ಮ ರಬ್ಬರ್. ಕೊಬ್ಬು ಕರಗೋಕೆ ಟೈಮೇ ಸಿಕ್ಕಿರ್ಲಿಲ್ಲ. ಮಗಳು ಚರ್ಮ ಬಿಡಿಸಿ ಪಕ್ಕಕ್ಕಿಟ್ಲು, ಅಲ್ಲಿಗೆ 300 ರೂಪಾಯಿ ಪಾಠ.

ಅವತ್ತೇ ರಾತ್ರಿ ಗಾಡಿ ಹತ್ರ ವಾಪಸ್ ಹೋದೆ. ಜನ ಕಮ್ಮಿ ಆದ ಮೇಲೆ, ಒಂಬತ್ತೂವರೆಗೆ. ಮಿಕ್ಕಿದ್ದ ಇನ್ನೊಂದು ಡಜನ್‌ಗೆ ಮತ್ತೆ 300 ಕೊಟ್ಟು, ಮೊಟ್ಟೆ ಬೇಡ, ಬರೀ ಉಪ್ಪು, ಶುಂಠಿ ಬೆಳ್ಳುಳ್ಳಿ, ನಿಂಬೆಹಣ್ಣು, ಸ್ವಲ್ಪ ಖಾರದ ಪುಡಿ ಹಚ್ಚಿ, ಬಟ್ಟೇಲಿ ಒತ್ತಿ ನೀರು ತೆಗೆದು, ಕಾರ್ನ್‌ಫ್ಲೋರ್ ಉದುರಿಸಿದ ಹಾಗೆ ತೆಳ್ಳಗೆ ಅಷ್ಟೇ ಅಂದೆ. ಮಧ್ಯಮ ಉರೀಲಿ 8 ನಿಮಿಷ, ತೆಗೆದು ಜಾಲರಿ ಮೇಲೆ 10 ನಿಮಿಷ ಆರಕ್ಕೆ, ಮತ್ತೆ ಜೋರು ಉರೀಲಿ 3 ನಿಮಿಷ. ಗಾಡಿಯವರಿಗೆ ಮೊದಲು ಇಷ್ಟ ಇರ್ಲಿಲ್ಲ, ಗ್ಯಾಸ್ ಖರ್ಚು ಅಂದ್ರು, ಆಮೇಲೆ ಅವರಿಗೇ ಕುತೂಹಲ ಬಂದು ನನ್ನ ಕಡ್ಡಿ ಇಸ್ಕೊಂಡು ಎಣ್ಣೆಗೆ ಇಳಿಬಿಟ್ಟು ನೋಡಿದ್ರು. ಮೊದಲ ಸಲಕ್ಕೆ ಎಣ್ಣೆ 158. ಹನ್ನೆರಡು ಪೀಸ್ ಬಿದ್ದ ಮೇಲೆ 144. ಪಕ್ಕದಲ್ಲೇ ಇನ್ಯಾರದೋ ಆರ್ಡರ್‌ಗೆ 24 ಪೀಸ್ ಒಟ್ಟಿಗೆ ಹಾಕಿದಾಗ 131ಕ್ಕೆ ಇಳೀತು, ಅಷ್ಟಕ್ಕೆ ಇಳಿದ್ರೆ ಕೋಳಿ ಕರಿಯಲ್ಲ, ಎಣ್ಣೇಲಿ ನೆನೆಯತ್ತೆ. ಒಂದು ಸಲಕ್ಕೆ 15ರ ಮೇಲೆ ಬೇಡ ಅಂತ ಇಬ್ಬರೂ ಅಲ್ಲೇ ಒಪ್ಕೊಂಡ್ವಿ. ಎರಡನೇ ಸಲಕ್ಕೆ 184.

ಗಾಡಿ ಪಕ್ಕ ನಿಂತು ಒಂದು ಕಚ್ಚಿದೆ. ಚರ್ಮ ಹಪ್ಪಳದ ತರ ಮುರೀತು. ಎಲುಬಿನ ಹತ್ರ 79 ಡಿಗ್ರಿ. ಗಾಡಿಯವರೂ ಒಂದು ತಿಂದು, ಇನ್ನೊಂದು ತಗೊಂಡ್ರು.

ಎಣ್ಣೆ ಬಗ್ಗೆ ಎರಡು ಸಾಲು. 2018ರ ಜುಲೈಯಿಂದ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ಇದೆ, ಕರಿದ ಎಣ್ಣೇಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದ್ರೆ ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟೋ ಕೆಟ್ಟ ಅಂಶ, 25% ದಾಟಿದ್ರೆ ಬಳಸೋ ಹಾಗಿಲ್ಲ. ಅದನ್ನ ಅಳೆಯೋ ಮೀಟರ್ ನನ್ನ ಹತ್ರ ಇಲ್ಲ. ನಾನು ನೋಡಿದ್ದು ಮೂರು: ಬಣ್ಣ ಕಾಫಿ ಡಿಕಾಕ್ಷನ್ ತರ ಆಗಿದ್ಯಾ, ಪೀಸ್ ತೆಗೆದ ಮೇಲೂ ನೊರೆ ನಿಲ್ಲತ್ತಾ, ಹತ್ರ ನಿಂತ್ರೆ ಕಣ್ಣು ಉರಿಯತ್ತಾ. ಸಂಜೆ ಆರಕ್ಕೆ ಹೊಸ ಎಣ್ಣೆ, ಒಂಬತ್ತೂವರೆಗೆ ಅದೇ ಎಣ್ಣೆ ಕಪ್ಪಾಗಿತ್ತು. ಹಾಗಾಗಿ ಪಾರ್ಟಿ ಆರ್ಡರ್ ಗಾಡಿ ತೆಗೆದ ತಕ್ಷಣದ್ದೇ ಆಗ್ಬೇಕು ಅಂತ ಬರ್ಕೊಂಡೆ.

ಜುಲೈ 9, ಬುಧವಾರ: ಸಾಸ್

ಮಗಳಿಗೆ ಬೇಕಾಗಿದ್ದು ಬಫಲೋ ಸಾಸ್. ಅಕ್ಕ ಫೋನಲ್ಲಿ ಕೇಳಿ ಎಮ್ಮೆ ಮಾಂಸದ್ದಾ ಅಂತ ಗಾಬರಿ ಆದ್ಲು. ಅಲ್ಲ ಅಕ್ಕ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಫಲೋ ಅಂತ ಊರಿದೆ, ಅಲ್ಲಿನ ಆಂಕರ್ ಬಾರ್‌ನಲ್ಲಿ 1964ರಲ್ಲಿ ಶುರು ಆಗಿದ್ದು ಅಂತಾರೆ, ಹಿಟ್ಟು ಹಚ್ಚದೆ ಕರಿದ ರೆಕ್ಕೇನ ಖಾರದ ಸಾಸ್ ಬೆಣ್ಣೇಲಿ ಹೊರಳಿಸೋದು ಅಷ್ಟೇ ಅಂತ ಬಿಡಿಸಿ ಹೇಳ್ದೆ.

ಮೊದಲನೇ ಸಲ: ಬಾಟಲಿ ಕೆಂಪು ಚಿಲ್ಲಿ ಸಾಸ್ ಮತ್ತೆ ಬೆಣ್ಣೆ ಒಟ್ಟಿಗೆ ಒಲೆ ಮೇಲಿಟ್ಟು ಕುದಿಸ್ದೆ. ಸಿಹಿ, ಅಂಟು, ಬೆಣ್ಣೆ ಒಡೆದು ಮೇಲೆ ತೇಲ್ತು. ಚೆಲ್ಲಿದ್ದು.

ಎರಡನೇ ಸಲ: ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು 4, ಬೀಜ ತೆಗೆದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಐದು ಎಸಳು ಬೆಳ್ಳುಳ್ಳಿ, 60 ಎಂಎಲ್ ವಿನೆಗರ್, ಒಂದು ಟೀ ಚಮಚ ಉಪ್ಪು ಹಾಕಿ ನುಣ್ಣಗೆ ರುಬ್ಬಿ, ಐದು ನಿಮಿಷ ಕುದಿಸಿ ಸೋಸಿದೆ. ಸುಮಾರು 180 ಎಂಎಲ್ ಬಂತು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ 90 ಗ್ರಾಂ ನಂದಿನಿ ಬೆಣ್ಣೆ ತುಂಡು ತುಂಡಾಗಿ ಹಾಕ್ತಾ ಕಡೆದೆ. ಒಡೀಲಿಲ್ಲ, ಹೊಳಪು ಬಂತು. ಆದ್ರೆ ನಾನು ತಂದಿದ್ದು ಉಪ್ಪು ಹಾಕಿದ ಬೆಣ್ಣೆ, ಅದರ ಮೇಲೆ ನನ್ನ ಉಪ್ಪೂ ಸೇರಿ ಬಾಯಿಗಿಡೋಕೆ ಆಗ್ಲಿಲ್ಲ. ಉಪ್ಪಿಲ್ಲದ ಬೆಣ್ಣೆ ಅಂತ ನೋಡಿ ತಗೊಳ್ಳಿ. ಎರಡೂ ಸೇರಿ ಖರ್ಚು 185 ರೂ.

ಜುಲೈ 13, ಭಾನುವಾರ: ರಿಹರ್ಸಲ್

20 ಪೀಸ್, 400 ರೂಪಾಯಿ ಅಂತ ಮೊದಲೇ ಮಾತಾಡ್ಕೊಂಡಿದ್ದು. ಐದೈದರ ನಾಲ್ಕು ಪಾಲು ಮಾಡಿ ಬಿಸಿ ಮಾಡೋ ನಾಲ್ಕು ರೀತಿ ನೋಡ್ದೆ. ಮೈಕ್ರೋವೇವ್ 1 ನಿಮಿಷ: ಚರ್ಮ ಮೆತ್ತಗೆ, ಮಾಂಸ ಗಟ್ಟಿ, ಬೇಡವೇ ಬೇಡ. ಒಣ ಬಾಣಲೇಲಿ ಮುಚ್ಚಿಟ್ಟು: ಮತ್ತೆ ಅದೇ ಹಬೆ. ಪಕ್ಕದ ಮನೆಯವರ ಏರ್ ಫ್ರೈಯರ್, 190ರಲ್ಲಿ 4 ನಿಮಿಷ: ಗಾಡೀಲಿ ತಿಂದಷ್ಟೇ ಚೆನ್ನಾಗಿ ಬಂತು, ಆದ್ರೆ ಒಂದು ಸಲಕ್ಕೆ ಹತ್ತೇ ಹಿಡಿಯತ್ತೆ. ಕಬ್ಬಿಣದ ದೋಸೆ ಕಲ್ಲು, ಮುಚ್ಚದೆ, ಮಧ್ಯಮ ಉರಿ, ಎರಡೆರಡು ನಿಮಿಷ ಎರಡೂ ಕಡೆ: ಏರ್ ಫ್ರೈಯರ್‌ಗೆ ಹತ್ರ ಹತ್ರ, 20 ಪೀಸ್ ಹಿಡಿಯತ್ತೆ. ಅಮ್ಮನ ದೋಸೆ ಕಲ್ಲಿಗೆ ಕೋಳಿ ತಾಗೋ ಹಾಗಿಲ್ಲ ನಮ್ಮನೇಲಿ, ಅಟ್ಟದ ಮೇಲಿದ್ದ ಹಳೇ ಕಲ್ಲು ಇಳಿಸಿ ತುಕ್ಕು ಉಜ್ಜಿ ಎಣ್ಣೆ ಕುಡಿಸಿ ಅದಕ್ಕೇ ಅಂತ ಇಟ್ವಿ.

ಸಾಸ್ ತಣ್ಣಗೆ ಇದ್ರೆ ಬೆಣ್ಣೆ ಪೀಸ್ ಮೇಲೆ ಗಟ್ಟಿ ಆಗತ್ತೆ. ಸಾಸ್ ಪಾತ್ರೇನ ಬಿಸಿನೀರಿನ ಪಾತ್ರೆ ಒಳಗಿಟ್ಟು, ತಿನ್ನೋ ಹೊತ್ತಿಗೆ ದೊಡ್ಡ ಸ್ಟೀಲ್ ಬೋಗುಣೀಲಿ ಹೊರಳಿಸಿ ತಕ್ಷಣ ಕೊಡ್ಬೇಕು. ಹೊರಳಿಸಿದ ಮೇಲೆ ಸ್ಟಾಪ್‌ವಾಚ್ ಹಿಡ್ದೆ, 12 ನಿಮಿಷಕ್ಕೆ ಗರಿ ಹೋಯ್ತು. ಅಂಗಡೀಲೇ ಸಾಸ್ ಹಾಕಿಸಿ ತರೋರಿಗೆ ಈ 12 ನಿಮಿಷ ರಸ್ತೇಲೇ ಮುಗಿದು ಹೋಗತ್ತೆ.

ಜುಲೈ 20, ಭಾನುವಾರ: ಆ ದಿನ

60 ಪೀಸ್‌ಗೆ 1,250 ರೂ, ಶುಕ್ರವಾರವೇ 500 ಅಡ್ವಾನ್ಸ್. ಸಾಸ್ ಎರಡು ಪಟ್ಟು, 290 ರೂ. ಗಾಡಿ ತೆಗೆಯೋದು ಐದೂವರೆಗೆ, ಆರೂಕಾಲಿಗೆ ತಗೊಳ್ಳೋದು ಅಂತ ಮಾತು.

ಐದಕ್ಕೆ ಮಳೆ ಹಿಡ್ಕೊಂತು. ಗಾಡಿ ಬಂದಿದ್ದೇ ಆರಕ್ಕೆ, ಟಾರ್ಪಾಲ್ ಕಟ್ಟಿ ಒಲೆ ಹಚ್ಚೋಷ್ಟರಲ್ಲಿ ಆರೂಕಾಲು. ಮನೇಲಿ ಮಕ್ಕಳು ಬಂದಾಗಿತ್ತು, ಮಂಡ್ಯದವರೂ ಬಂದಾಗಿತ್ತು. ಹೆಂಡತಿ ಮಂಡಕ್ಕಿ ಕಲಸಿ ಕೊಟ್ಟು ಸುಧಾರಿಸ್ತಾ ಇದ್ಲು. ಮೊದಲ ಹದ 8 ನಿಮಿಷದ್ದು 15ರ ಹಾಗೆ ನಾಲ್ಕು ಸಲ ಮುಗಿಸಿ ಜಾಲರಿ ಮೇಲೆ ಹರಡಿದ್ರು, ಆಮೇಲೆ ಜೋರು ಉರೀದು ನಾಲ್ಕು ಸಲ. ನನ್ನ ದೊಡ್ಡ ತಪ್ಪು ಇಲ್ಲೇ ಆಗಿದ್ದು: ಎಲ್ಲ 60 ಆಗ್ಲಿ ಒಟ್ಟಿಗೆ ಒಯ್ಯೋಣ ಅಂತ ನಿಂತ್ಬಿಟ್ಟೆ. ನಾಲ್ಕನೇ ಬಾಣಲೆ ಇಳಿಯೋ ಹೊತ್ತಿಗೆ ಮೊದಲನೇ 15ಕ್ಕೆ 22 ನಿಮಿಷ, ಮಳೆ ತೇವ ಬೇರೆ. ಮನೆ 1.1 ಕಿಲೋಮೀಟರ್, ಬಾಮೈದ ಸ್ಕೂಟರ್ ಸಮೇತ ಮನೇಲಿ ಖಾಲಿ ಕೂತಿದ್ದ, ಅವನಿಗೆ ಫೋನ್ ಮಾಡಿ 30 ಮೊದಲು ಕಳಿಸಿದ್ರೆ ಮುಗೀತಿತ್ತು. ಆರು ವಾರ ನಿಮಿಷ ನಿಮಿಷ ಅಳೆದವನಿಗೆ ಅದು ಆ ಹೊತ್ತಲ್ಲಿ ಹೊಳೀಲಿಲ್ಲ.

ಅಂತೂ ಮನೆ ಸೇರಿದೆ. ಮೊದಲನೇ 15 ಕಲ್ಲಿನ ಮೇಲೆ ನಾಲ್ಕು ನಿಮಿಷದ ಬದಲು ಆರು ಬೇಕಾಯ್ತು, ಎರಡು ಪೀಸ್ ಒಣಗಿ ಹೋಯ್ತು. ಮಿಕ್ಕಿದ್ದು ಅಂದ್ಕೊಂಡ ಹಾಗೇ ಬಂತು. ಪ್ರತಿ ಬಾಣಲೆಯಿಂದ ಒಂದೊಂದು ಪೀಸ್‌ಗೆ ಗಾಡೀಲೇ ಕಡ್ಡಿ ಹಾಕಿದ್ದೆ: 80, 82, 78, 81. ಮೂವತ್ತು ಬಫಲೋ, ಮೂವತ್ತು ಬರೀ ನಿಂಬೆಹಣ್ಣು ಈರುಳ್ಳಿ ಜೊತೆ. ಚಿಕ್ಕ ಮಕ್ಕಳು ನಾಲ್ಕು ಜನ ಬಫಲೋ ಖಾರ ತಡೀಲಿಲ್ಲ, ಅದನ್ನ ನಾನು ಮೊದಲೇ ಯೋಚನೆ ಮಾಡ್ಬೇಕಿತ್ತು, ಮುಂದಿನ ಸಲ ಗುಂಟೂರು ಎರಡೇ. ಅಕ್ಕ ನಿಂಬೆಹಣ್ಣಿಂದೇ ಏಳು ತಿಂದ್ಲು. ಮಗಳು ಮೊದಲ ಪೀಸ್ ನನ್ನ ಕಿವಿ ಹತ್ರ ತಂದು ಕಚ್ಚಿ, ಕೇಳಿಸ್ತಾ ಅಪ್ಪ ಅಂದ್ಲು.

ಕೇಳಿಸ್ತು.

ಉಳಿದಿದ್ದು ಮೂರು ಪೀಸ್. ಪಾರ್ಟಿ ದಿನ ಬಿಟ್ಟು ಒಟ್ಟು ಖರ್ಚು: ಪರೀಕ್ಷೆ ಪಾರ್ಸಲ್‌ಗಳು 2,700, ಸಾಮಾನು 1,423, ಸಾಸ್ 185, ಪೆಟ್ರೋಲ್ ಅಂದಾಜು 220, ಎಲ್ಲ ಸೇರಿ 4,528 ರೂಪಾಯಿ. ಜಾಸ್ತೀನೇ ಆಯ್ತು. ಮೊದಲ ಸುತ್ತಿನ 730, ಬ್ಯಾಗಿನ 475, ಸ್ಕಿನ್ ಕೆಟ್ಟ 300, ಇಷ್ಟು ಉಳಿಸಬಹುದಿತ್ತು, ಉಳಿದಿದ್ದು ಬೇಕಾಗೇ ಇತ್ತು.

ಬಾಕಿ ಇರೋದು

ಗಾಡಿಯವರು ಶ್ರಾವಣದಲ್ಲಿ ವ್ಯಾಪಾರ ಕಮ್ಮಿ ಅಂತ ಊರಿಗೆ ಹೋಗ್ತಾರಂತೆ, ಗಣೇಶನ ಹಬ್ಬ ಕಳೆದ ಮೇಲೆ ಮತ್ತೆ ತೆಗೀತಾರೆ. ಹೋಗೋ ಮುಂಚೆ ಒಂದು ಮಾತು ಕೇಳಿದ್ರು, ಎರಡು ಸಲ ಕರಿದ ವಿತ್ ಸ್ಕಿನ್ ರೆಕ್ಕೇನ ಬೋರ್ಡ್‌ಗೆ ಸೇರಿಸಿದ್ರೆ 6ಕ್ಕೆ ಎಷ್ಟು ಇಡಬಹುದು ಅಂತ. 150 ಅಂದಿದ್ದೀನಿ, ರಟ್ಟಿನ ಡಬ್ಬಿಗೆ 8 ರೂಪಾಯಿ ಅದರಲ್ಲೇ ಸೇರಿಸಿ. ವಾಪಸ್ ಬಂದ ಮೇಲೆ ತೂತಿನ ಸಂಖ್ಯೆ ಹದಿನಾರು ಸಾಕಾ, ಇಪ್ಪತ್ನಾಲ್ಕು ಬೇಕಾ ಅಂತ ಅವರ ಜೊತೇನೇ ನೋಡೋದಿದೆ.